ಹಳೆಯ ಉಗ್ರಾಣದಲ್ಲಿ ಮುದ್ರಣಕಲೆಯ ಸ್ಟುಡಿಯೊ: ನೀರು, ಪ್ರೆಸ್, ಕಾಗದ

ಮುದ್ರಣಕಲೆಯ ಸ್ಟುಡಿಯೊ ಎಂದ ಕೂಡಲೇ ಎಲ್ಲರೂ ಕೇಳುವುದು ಪ್ರೆಸ್ ಯಾವುದು, ಎಷ್ಟು ದೊಡ್ಡದು ಎಂದು. ನಾವು ಕೆಲವರು ಸೇರಿ ಹಳ್ಳಿಯಂಚಿನ ಖಾಲಿ ಉಗ್ರಾಣವೊಂದನ್ನು ಎಲ್ಲರೂ ಹಂಚಿಕೊಂಡು ಬಳಸುವ ಸ್ಟುಡಿಯೊ ಮಾಡಲು ಹೊರಟಾಗ ಮೊದಲು ಹುಡುಕಿದ್ದು, ಅಲ್ಲಿನ ನೀರು ಎಲ್ಲಿಗೆ ಹರಿದು ಹೋಗುತ್ತದೆ ಎಂಬುದನ್ನು. ದೊಡ್ಡ ಊರಿನಲ್ಲಿ ತೊಟ್ಟಿಯಿಂದ ಇಳಿದ ನೀರು ಯಾವುದೋ ಕೊಳವೆ ಸೇರಿ ಕಣ್ಣಿಗೆ ಮರೆಯಾಗುತ್ತದೆ. ಇಲ್ಲಿ ಅದು ನಮ್ಮದೇ ಗುಂಡಿಗೆ ಇಳಿಯುತ್ತದೆ, ನಾವೇ ನೀರು ಸೇದುವ ನೆಲದಲ್ಲಿ ಇಂಗುತ್ತದೆ. ತಾಮ್ರದ ತಗಡನ್ನು ಕೊರೆದ ದ್ರಾವಣ ಸೆಪ್ಟಿಕ್ ಟ್ಯಾಂಕಿಗೆ ಹೋದರೆ ಅಲ್ಲಿ ಕೊಳೆಯನ್ನು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಹಳ್ಳ ಸೇರಿದರೆ ಮೀನು ಸಾಯುತ್ತವೆ. ಇದೊಂದು ಸಂಗತಿ ತಲೆಯಲ್ಲಿ ಕೂತ ಮೇಲೆ ಉಳಿದ ತೀರ್ಮಾನಗಳೆಲ್ಲ ಅದರ ಹಿಂದೆಯೇ ಬಂದವು.

ಹಾಗಾಗಿ ಒಂದು ಮೊಳೆ ಹೊಡೆಯುವುದಕ್ಕೂ ಮುಂಚೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ದಾರಿಗಳನ್ನು ಎಳೆದೆವು. ಒಂದು ನೀರಿನದು, ಇನ್ನೊಂದು ಮಸಿಯಾದ ಕೈಯದು, ಮತ್ತೊಂದು ಕಾಗದದ್ದು. ಕಾಗದ ಬಾಗಿಲಿನಿಂದ ಒಳಗೆ ಬಂದು, ನೆನೆದು, ಪ್ರೆಸ್ ಹಾದು, ಒಣಗುವ ಚೌಕಟ್ಟಿಗೆ ಸೇರುವವರೆಗೆ ಮಸಿಯ ಕೈ ಅದರ ದಾರಿಯನ್ನು ಎಲ್ಲಿಯೂ ಅಡ್ಡ ಹಾಯಬಾರದು. ಎರಡೂ ಸೇರುವ ಜಾಗ ಒಂದೇ, ಅದು ಪ್ರೆಸ್ಸಿನ ಹಾಸು. ಆಮ್ಲದ ಮೂಲೆ ಇವೆರಡರಿಂದಲೂ ದೂರ, ಹೊರಗೋಡೆಗೆ ಒತ್ತಿಕೊಂಡಂತೆ. ಒಬ್ಬರೇ ಕೆಲಸ ಮಾಡುವ ಕೋಣೆಯಲ್ಲಿ ಇಷ್ಟು ಕಟ್ಟುನಿಟ್ಟು ಬೇಕಾಗಲಿಕ್ಕಿಲ್ಲ, ತನ್ನ ಕೈ ಎಲ್ಲೆಲ್ಲಿ ಮುಟ್ಟಿದೆ ಎಂಬುದು ತನಗೆ ಗೊತ್ತಿರುತ್ತದೆ. ನಾಲ್ಕಾರು ಜನ ಒಟ್ಟಿಗೆ ದುಡಿಯುವಲ್ಲಿ ಜಾಗದ ಜೋಡಣೆಯೇ ಕೆಲಸವನ್ನು ಕಾಯಬೇಕು.

ನೆಲ ಮತ್ತು ಬೆಳಕು

ಉಗ್ರಾಣದ ಗೋಡೆ ಗಟ್ಟಿಯಾಗಿತ್ತು, ನೆಲ ಮಾತ್ರ ತಗ್ಗುದಿಣ್ಣೆ. ಇಡೀ ನೆಲವನ್ನು ಕಿತ್ತು ಹಾಕುವ ಬದಲು ಪ್ರೆಸ್ ನಿಲ್ಲುವ ಜಾಗಕ್ಕಷ್ಟೇ ಕಾಂಕ್ರೀಟಿನ ದಪ್ಪ ಹಾಸು ಹಾಕಿಸಿ, ಉಳಿದೆಡೆ ಗಾರೆ ಸರಿಪಡಿಸಿದೆವು. ಕಾಂಕ್ರೀಟ್ ಒಂದೆರಡು ದಿನಕ್ಕೆ ಕಲ್ಲಿನಂತೆ ಕಂಡರೂ ಅದು ಪೂರ್ತಿ ಬಲ ಪಡೆಯುವುದಕ್ಕೆ ಸಾಮಾನ್ಯವಾಗಿ 28 ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಪ್ರೆಸ್ಸನ್ನು ಅದರ ಮೇಲೆ ನಿಲ್ಲಿಸಲಿಲ್ಲ. ನೀರುಣಿಸುತ್ತಾ ಕಾದೆವು, ಆ ಹೊತ್ತನ್ನು ಕಪಾಟು, ಮೇಜು, ತೊಟ್ಟಿಗಳಿಗೆ ಬಳಸಿಕೊಂಡೆವು.

ಕೆತ್ತನೆಯ ಮೇಜುಗಳು ಕಿಟಕಿಯ ಪಕ್ಕಕ್ಕೆ ಹೋದವು. ಹೊಳಪು ಮಾಡಿದ ತಾಮ್ರದ ತಗಡಿನ ಮೇಲೆ ಬೆಳಕು ನೇರವಾಗಿ ಬಿದ್ದರೆ ಕಣ್ಣು ಕುಕ್ಕುತ್ತದೆ, ಎಳೆದ ಗೆರೆ ಕಾಣುವುದಿಲ್ಲ. ಇದಕ್ಕೆ ಕೆತ್ತನೆಗಾರರು ಬಹು ಹಿಂದಿನಿಂದ ಬಳಸುತ್ತಾ ಬಂದ ಉಪಾಯವೊಂದಿದೆ. ಮರದ ಚೌಕಟ್ಟಿಗೆ ಟ್ರೇಸಿಂಗ್ ಕಾಗದ ಬಿಗಿದು, ಕಿಟಕಿಗೂ ತಗಡಿಗೂ ನಡುವೆ ಓರೆಯಾಗಿ ನಿಲ್ಲಿಸುವುದು. ಬೆಳಕು ಹದವಾಗಿ ಹರಡಿಕೊಳ್ಳುತ್ತದೆ, ಸೂಜಿ ತೆಗೆದ ಸಣ್ಣ ಗೆರೆಯೂ ತಗಡಿನ ಮೈಮೇಲೆ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಪ್ರತಿ ಮೇಜಿಗೂ ಒಂದೊಂದು ಮಾಡಿಟ್ಟೆವು. ಇಡೀ ಸ್ಟುಡಿಯೊದಲ್ಲಿ ಇಷ್ಟು ಸುಲಭವಾಗಿ ಮಾಡಿ ಇಷ್ಟು ಉಪಯೋಗ ಕಂಡ ವಸ್ತು ಬೇರೊಂದಿಲ್ಲ.

ಪ್ರೆಸ್

ನಮ್ಮದು ಮುಚ್ಚಿಹೋದ ಸ್ಟುಡಿಯೊ ಒಂದರಲ್ಲಿ ತುಕ್ಕು ಹಿಡಿಯುತ್ತಾ ನಿಂತಿದ್ದ ಎಚಿಂಗ್ ಪ್ರೆಸ್. ಎಚಿಂಗ್ ಎಂದರೆ ಲೋಹದ ತಗಡಿನಲ್ಲಿ ದ್ರಾವಣದಿಂದ ಗೆರೆ ಕೊರೆದು, ಆ ಗೆರೆಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದಕ್ಕೆ ಅಚ್ಚೊತ್ತುವುದು. ಮೇಲೊಂದು ಕೆಳಗೊಂದು ಉಕ್ಕಿನ ಉರುಳೆ, ನಡುವೆ ಜಾರುವ ಹಾಸು, ಎರಡು ಬದಿಗೆ ಒತ್ತಡದ ತಿರುಪು, ಪಕ್ಕದಲ್ಲಿ ಹಲ್ಲುಚಕ್ರ, ಕೈಯಿಂದ ತಿರುಗಿಸುವ ದೊಡ್ಡ ಚಕ್ರ. ಇಷ್ಟೇ ಇರುವ ಯಂತ್ರವಾದ್ದರಿಂದ ಬಿಚ್ಚಿ ಜೋಡಿಸುವುದಕ್ಕೆ ಹೆದರಬೇಕಿಲ್ಲ, ಹೆದರಬೇಕಾದದ್ದು ಅದರ ಭಾರಕ್ಕೆ. ಬಿಚ್ಚುವ ಮೊದಲು ಪ್ರತಿಯೊಂದು ಭಾಗದ ಮೇಲೂ ಎಡ ಬಲ ಎಂದು ಗುರುತು ಹಾಕಿ ಫೋಟೊ ತೆಗೆದೆವು. ಹಾಸನ್ನು ಮೊದಲು ಎಳೆದು ಬೇರೆಯಾಗಿಟ್ಟೆವು, ಆಮೇಲೆ ಉರುಳೆಗಳು, ಕೊನೆಗೆ ಪಕ್ಕದ ಕಂಬಗಳು. ಕಬ್ಬಿಣದ ಪೈಪುಗಳನ್ನು ಕೆಳಗೆ ಹಾಕಿ ಹಲಗೆಯ ಮೇಲೆ ಉರುಳಿಸಿಕೊಂಡು ತಂದೆವು. ಎತ್ತುವವರಿಗಿಂತ ನಿಧಾನ ಎನ್ನುವವರು ಒಬ್ಬರಾದರೂ ಜಾಸ್ತಿ ಇರಬೇಕಾದ ಕೆಲಸವಿದು.

ಉರುಳೆಗಳ ತುಕ್ಕನ್ನು ಸೀಮೆಎಣ್ಣೆ ಹಾಗೂ ನುಣುಪಾದ ಉಜ್ಜುಕಾಗದದಿಂದ ತೆಗೆದೆವು, ಯಾವಾಗಲೂ ಉರುಳೆಯ ಸುತ್ತಲೂ ಸಮವಾಗಿ, ಒಂದೇ ಜಾಗದಲ್ಲಿ ತಿಕ್ಕದೆ. ಮೇಲುರುಳೆಯಲ್ಲಿ ಅಲ್ಲಲ್ಲಿ ಉಳಿದ ಸಣ್ಣ ಗುಳಿಗಳನ್ನು ಹಾಗೆಯೇ ಬಿಟ್ಟೆವು. ಅದಕ್ಕೂ ಕಾಗದಕ್ಕೂ ನಡುವೆ ಉಣ್ಣೆಯ ಫೆಲ್ಟ್‌ಗಳಿರುವುದರಿಂದ ಅವು ಅಚ್ಚಿನಲ್ಲಿ ಕಾಣುವುದಿಲ್ಲ. ತಿರುಪುಗಳ ಎಳೆಗಳಲ್ಲಿ ಹಳೆಯ ಗ್ರೀಸ್ ಗಟ್ಟಿಯಾಗಿ ಕೂತಿತ್ತು. ತಂತಿಯ ಬ್ರಷ್ಷಿನಿಂದ ಎಳೆ ಎಳೆಯಾಗಿ ಕೆರೆದು, ಹೊಸ ಗ್ರೀಸ್ ಹಚ್ಚಿದ ಮೇಲೆ ಒಂದೇ ಬೆರಳಿನಿಂದ ತಿರುಗಿದವು.

ಹಾಸಿನ ಕಥೆ ಬೇರೆ. ಅದರ ಮೇಲೆ ನೇರ ಅಂಚಿನ ಉಕ್ಕಿನ ಪಟ್ಟಿಯನ್ನು ನಿಲ್ಲಿಸಿ ಹಿಂದಿನಿಂದ ಟಾರ್ಚ್ ಹಿಡಿದಾಗ ನಡುವೆ ಬೆಳಕಿನ ಎಳೆಯೊಂದು ತೂರಿ ಬಂತು. ವರ್ಷಾನುಗಟ್ಟಲೆ ಸಣ್ಣ ತಗಡುಗಳನ್ನು ನಟ್ಟನಡುವೆಯೇ ಇಟ್ಟು ವಿಪರೀತ ಒತ್ತಡದಲ್ಲಿ ಎಳೆದರೆ ಹಾಸು ಹೀಗೆ ಬಾಗುತ್ತದೆ. ಅದನ್ನು ಬಡಿದು ಸರಿಮಾಡುವ ಯೋಚನೆಯನ್ನೇ ಮಾಡದೆ, ಮೈ ಸಮತಟ್ಟಾಗಿ ತಿಕ್ಕಿಸಿದ ಹೊಸ ಉಕ್ಕಿನ ಹಲಗೆ ಮಾಡಿಸಿದೆವು. ಹಣ ಖರ್ಚಾಗುವುದಿದ್ದರೆ ಇಲ್ಲಿಯೇ ಆಗಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಣ್ಣ, ಚಕ್ರ, ಅಂದಚಂದ ಎಲ್ಲ ಆಮೇಲೆ ಮಾಡಿಕೊಳ್ಳಬಹುದು. ಬಾಗಿದ ಹಾಸಿನ ಮೇಲೆ ಎಷ್ಟೇ ಒಳ್ಳೆಯ ತಗಡಿಟ್ಟರೂ ನಡುಭಾಗ ತೆಳುವಾಗಿಯೇ ಬರುತ್ತದೆ.

ನಿಲ್ಲಿಸಿದ ಮೇಲೆ ಮಟ್ಟ ನೋಡುವ ಕೆಲಸ. ರಸಮಟ್ಟವನ್ನು ಹಾಸಿನ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಮೂಲೆಯಿಂದ ಮೂಲೆಗೊಮ್ಮೆ ಇಟ್ಟು, ಕಾಲುಗಳ ಕೆಳಗೆ ತೆಳು ಉಕ್ಕಿನ ತುಂಡುಗಳನ್ನು ಸೇರಿಸುತ್ತಾ ಹೋದೆವು. ನಂತರ ಒತ್ತಡ. ಫೆಲ್ಟ್ ಇಲ್ಲದೆ, ಮೇಲುರುಳೆಯ ಎರಡು ತುದಿಗಳಲ್ಲೂ ಸುದ್ದಿಪತ್ರಿಕೆಯ ಒಂದೇ ಅಗಲದ ಪಟ್ಟಿಗಳನ್ನು ಸಿಕ್ಕಿಸಿ, ತಿರುಪನ್ನು ಸ್ವಲ್ಪ ಸ್ವಲ್ಪವೇ ಇಳಿಸಿದೆವು. ಎಡಗೈ ಒಂದು ಪಟ್ಟಿಯನ್ನು ಎಳೆಯುತ್ತದೆ, ಬಲಗೈ ಇನ್ನೊಂದನ್ನು. ಒಂದು ಜಾರಿ ಬಂದು ಇನ್ನೊಂದು ಬಿಗಿಯಾಗಿ ನಿಂತರೆ ಬಿಗಿಯಾದ ಬದಿಯ ತಿರುಪು ಹೆಚ್ಚು ಇಳಿದಿದೆ ಎಂದರ್ಥ. ಎರಡೂ ಒಂದೇ ಬಿಗಿಯಲ್ಲಿ ಹಿಡಿದುಕೊಂಡ ಜಾಗವೇ ಸೊನ್ನೆ. ಅಲ್ಲಿ ಎರಡು ತಿರುಪುಗಳ ತಲೆಗೂ ಕಂಬಕ್ಕೂ ಸೇರುವಂತೆ ಬಿಳಿ ಬಣ್ಣದ ಗೆರೆ ಹಾಕಿದೆವು. ಆ ಮೇಲೆ ಮಸಿಯೇ ಇಲ್ಲದ ತಗಡನ್ನು ನೆನೆಸಿದ ಕಾಗದದ ಕೆಳಗಿಟ್ಟು, ಫೆಲ್ಟ್ ಹೊದಿಸಿ ಎಳೆದೆವು. ಕಾಗದವನ್ನು ಓರೆ ಬೆಳಕಿಗೆ ಹಿಡಿದಾಗ ತಗಡಿನ ನಾಲ್ಕೂ ಅಂಚು ಒಂದೇ ಆಳಕ್ಕೆ ಒತ್ತಿ ಮೂಡಿದ್ದು ಕಂಡಿತು. ಮಸಿಯೇ ಇಲ್ಲದ ಆ ಬಿಳಿ ಅಚ್ಚನ್ನು ಚೌಕಟ್ಟು ಹಾಕಿಸಿ ಪ್ರೆಸ್ಸಿನ ಪಕ್ಕದ ಗೋಡೆಗೆ ತೂಗಿಹಾಕಿದ್ದೇವೆ. ಮುಂದೆ ಯಾರಿಗಾದರೂ ಅನುಮಾನ ಬಂದರೆ ಹೋಲಿಸಿ ನೋಡಲಿಕ್ಕೆ.

ಫೆಲ್ಟ್ ಮೂರು ಪದರ. ಕಾಗದಕ್ಕೆ ತಾಗುವುದು ತೆಳುವಾದದ್ದು, ಅದು ಒದ್ದೆ ಕಾಗದದಿಂದ ಹೊರಬರುವ ನೀರನ್ನೂ ಅಂಟನ್ನೂ ಹೀರುತ್ತದೆ. ನಡುವಿನದು ಮೆತ್ತೆ, ಕಾಗದವನ್ನು ಗೆರೆಗಳ ಒಳಕ್ಕೆ ತಳ್ಳುವುದು ಅದೇ. ಮೇಲಿನದು ಬಿಗಿ ನೇಯ್ಗೆಯದು, ಉರುಳೆಯ ಎಳೆತವನ್ನು ತಡೆದುಕೊಳ್ಳುತ್ತದೆ. ತೆಳು ಫೆಲ್ಟ್‌ಗೆ ಅಂಟು ಸೇರಿ ಗಟ್ಟಿಯಾದರೆ ಅಚ್ಚು ಒರಟಾಗುತ್ತದೆ. ಆದ್ದರಿಂದ ಅದನ್ನು ಆಗಾಗ ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸೋಪಿನಿಂದ ತೊಳೆದು, ಹಿಂಡದೆ, ಚಪ್ಪಟೆಯಾಗಿ ಹರಡಿ ಒಣಗಿಸುತ್ತೇವೆ. ಕೆಲಸ ಮುಗಿದ ಮೇಲೆ ಒತ್ತಡ ಸಡಿಲಿಸಿ ಫೆಲ್ಟ್‌ಗಳನ್ನು ಉರುಳೆಯಿಂದ ಈಚೆಗೆ ತೆಗೆಯದೆ ಯಾರೂ ದೀಪ ಆರಿಸುವಂತಿಲ್ಲ. ಹುಳು ಉಣ್ಣೆಯನ್ನು ಬಿಡುವುದಿಲ್ಲವಾದ್ದರಿಂದ ಬಹುಕಾಲ ಬಳಸದಿದ್ದರೆ ಅವು ಮುಚ್ಚಳದ ಪೆಟ್ಟಿಗೆಗೆ ಹೋಗುತ್ತವೆ.

ಮರದಚ್ಚು ಮಾಡುವವರೂ, ಲಿನೋಲಿಯಂ ಹಾಳೆಯನ್ನು ಕೆತ್ತಿ ಲಿನೋಕಟ್ ಮಾಡುವವರೂ ಇದೇ ಪ್ರೆಸ್ ಬಳಸುತ್ತಾರೆ. ದಪ್ಪ ಮರದ ತುಂಡನ್ನು ಹಾಗೆಯೇ ಇಟ್ಟು ಎಳೆದರೆ ಉರುಳೆ ಅದರ ಅಂಚಿಗೆ ಬಂದು ಗುದ್ದುತ್ತದೆ, ಮರ ಜಾರುತ್ತದೆ. ಅದಕ್ಕೆ ಅಷ್ಟೇ ಎತ್ತರದ ಮರದ ಪಟ್ಟಿಗಳನ್ನು ಎರಡೂ ಬದಿಗೆ ಹಾಸಿನ ಉದ್ದಕ್ಕೂ ಇಡುತ್ತೇವೆ. ಉರುಳೆ ಆ ಪಟ್ಟಿಗಳ ಮೇಲೆಯೇ ಏರಿ, ಅವುಗಳ ಮೇಲೆಯೇ ಇಳಿಯುತ್ತದೆ. ಕೈಯಿಂದಲೇ ಅಚ್ಚು ತೆಗೆಯುವವರಿಗೆ ಬಿದಿರಿನ ಸಿಪ್ಪೆ ಸುತ್ತಿದ, ಕಾಗದದ ಬೆನ್ನನ್ನು ಉಜ್ಜುವ ಜಪಾನಿ ಬಿಲ್ಲೆ ಬಾರೆನ್ ಇದೆ, ಮರದ ಚಮಚದ ಬೆನ್ನೂ ಅದೇ ಕೆಲಸ ಮಾಡುತ್ತದೆ. ಉಳಿಗಳಿಗೆ ಬೇರೆಯದೇ ಮೇಜು ಕೊಟ್ಟಿದ್ದೇವೆ: ಒಂದು 1000 ನಂಬರಿನ ಸಾಣೆಕಲ್ಲು, ಒಂದು 6000ದ್ದು, ಕೊನೆಗೆ ಚರ್ಮದ ಪಟ್ಟಿ. ಮೊಂಡಾದ ಉಳಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದ ಉಳಿ ಜಾರಿ ಕೈಗೆ ಬೀಳುತ್ತದೆ. ಇನ್ನೊಂದು ಕೈ ಎಂದೂ ಉಳಿಯ ಮುಂದೆ ಇರಬಾರದು ಎಂಬುದನ್ನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತೇವೆ.

ಆಮ್ಲದ ಮೂಲೆ

ಇಲ್ಲಿ ಏನನ್ನು ಇಟ್ಟುಕೊಳ್ಳುವುದಿಲ್ಲ ಎಂಬುದನ್ನು ಮೊದಲು ತೀರ್ಮಾನಿಸಿದೆವು. ನೈಟ್ರಿಕ್ ಆಮ್ಲ ಬೇಡ. ಅದು ಲೋಹವನ್ನು ಕೊರೆಯುವಾಗ ಹೊರಬರುವ ಕಂದು ಅನಿಲ ನೈಟ್ರೋಜನ್ ಡೈಆಕ್ಸೈಡ್, ಉಸಿರಾಡಿದಾಗ ಏನೂ ಆಗದಂತಿದ್ದು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು. ಆಸ್ಪತ್ರೆ ದೂರವಿರುವ ಜಾಗದಲ್ಲಿ ಅಂಥದ್ದಕ್ಕೆ ಎಡೆ ಕೊಡುವುದು ತಪ್ಪು. ರಾಳದ ಪುಡಿಯೂ ಬೇಡ. ಗೆರೆಯ ಬದಲು ನೆರಳಿನಂಥ ಛಾಯೆ ತರುವ ಅಕ್ವಾಟಿಂಟ್‌ಗೆ ರಾಳದ ಧೂಳು ಕೂರಿಸುವ ಪೆಟ್ಟಿಗೆಯಲ್ಲಿ ಕಿಡಿ ಬಿದ್ದರೆ ಅದು ಸಿಡಿಯುತ್ತದೆ, ಎದೆಗೆ ಸೇರಿದರೆ ಉಬ್ಬಸ ತರುತ್ತದೆ. ಬದಲಿಗೆ ಅಕ್ರಿಲಿಕ್ ದ್ರವವನ್ನು ಏರ್‌ಬ್ರಷ್ಷಿನಿಂದ ಸಣ್ಣ ಹನಿಗಳಾಗಿ ತಗಡಿನ ಮೇಲೆ ಸಿಂಪಡಿಸುತ್ತೇವೆ, ಅದೂ ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಗಾಳಿ ಎಳೆಯುವ ಫ್ಯಾನಿನ ಮುಂದೆ. ರಾಳದ ಕಣ ಕೊಡುವ ಮೃದುತ್ವವೇ ಬೇರೆ ಎಂದು ನಮ್ಮಲ್ಲೊಬ್ಬರು ಹಿರಿಯರು ಈಗಲೂ ಹೇಳುತ್ತಾರೆ. ಅವರ ಮಾತು ನಿಜ. ಆದರೂ ಹಲವರು ಉಸಿರಾಡುವ ಕೋಣೆಯಲ್ಲಿ ನಾನು ಏರ್‌ಬ್ರಷ್ಷಿನ ಪರವೇ.

ತಾಮ್ರಕ್ಕೆ ಫೆರಿಕ್ ಕ್ಲೋರೈಡ್. ಇದು ತಾಮ್ರವನ್ನು ಕೊರೆಯುವಾಗ ಅನಿಲ ಬರುವುದಿಲ್ಲ, ಗುಳ್ಳೆ ಏಳುವುದಿಲ್ಲ, ಗೆರೆಗಳ ಅಂಚು ಚೂಪಾಗಿ ಉಳಿಯುತ್ತದೆ. ಪುಡಿಯಿಂದ ಮಾಡುವುದಾದರೆ ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಪುಡಿಗೆ ನೀರು ಸುರಿಯಬಾರದು, ಅಷ್ಟು ಬಿಸಿ ಏಳುತ್ತದೆ. ಇದರಲ್ಲಿ ತಗಡನ್ನು ಮುಖ ಮೇಲೆ ಮಾಡಿ ಮಲಗಿಸಿದರೆ ಕೊರೆದ ಗೆರೆಗಳಲ್ಲಿ ಗಸಿ ತುಂಬಿಕೊಂಡು ಕೊರೆತ ನಿಂತುಹೋಗುತ್ತದೆ. ಹಾಗಾಗಿ ನಮ್ಮದು ನಿಂತ ತೊಟ್ಟಿ, ದಪ್ಪ ಪ್ಲಾಸ್ಟಿಕ್ಕಿನದು. ತಗಡು ಅದರಲ್ಲಿ ಲಂಬವಾಗಿ ಇಳಿಯುತ್ತದೆ, ಗಸಿ ತಾನಾಗಿ ತಳ ಸೇರುತ್ತದೆ. 1990ರ ದಶಕದಲ್ಲಿ ಫ್ರೀಡ್‌ಹಾರ್ಡ್ ಕೀಕೆಬೆನ್ ಎಂಬ ಮುದ್ರಣ ಕಲಾವಿದ ಇದಕ್ಕೆ ಸಿಟ್ರಿಕ್ ಆಮ್ಲ ಸೇರಿಸಿ, ಗಸಿ ಕರಗುವಂತೆ ಮಾಡುವ ವಿಧಾನ ರೂಪಿಸಿದರು. ಎಡಿನ್‌ಬರೊ ಎಚ್ ಎಂದು ಕರೆಸಿಕೊಳ್ಳುವ ಆ ಮಿಶ್ರಣವನ್ನೇ ನಾವು ಬಳಸುತ್ತೇವೆ. ಸತುವಿನ ತಗಡನ್ನು ಮಾತ್ರ ಈ ತೊಟ್ಟಿಗೆ ಇಳಿಸುವಂತಿಲ್ಲ. ಅಲ್ಲಿ ಜಲಜನಕ ಹೊರಬರುತ್ತದೆ, ದ್ರಾವಣ ಕಾಯುತ್ತದೆ. ಸತುವಿಗೆ ಮೈಲುತುತ್ತು ಮತ್ತು ಉಪ್ಪಿನ ದ್ರಾವಣ, ಅದಕ್ಕೆ ಬೇರೆ ಬಣ್ಣದ ತೊಟ್ಟಿ, ಬೇರೆ ಕೈಗವಸು.

ಫೆರಿಕ್ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ. ಆದ್ದರಿಂದ ಈ ಮೂಲೆಯಲ್ಲಿ ಸಿಂಕು, ಕೊಳವೆ, ಜಾಲರಿ ಎಲ್ಲವೂ ಪ್ಲಾಸ್ಟಿಕ್. ಮೊದಲ ತೊಳೆತದ ನೀರು ಕೊಳವೆಗೆ ಹೋಗುವುದೇ ಇಲ್ಲ. ತೊಟ್ಟಿಯಿಂದ ಎತ್ತಿದ ತಗಡು ಹನಿ ಇಳಿಯುವವರೆಗೆ ತೊಟ್ಟಿಯ ಮೇಲೆಯೇ ನಿಲ್ಲುತ್ತದೆ, ಆಮೇಲೆ ನೀರು ತುಂಬಿದ ಪಾತ್ರೆಯಲ್ಲಿ ಮುಳುಗುತ್ತದೆ, ಕೊನೆಗೆ ಸೋಡಾ ನೀರಿನಲ್ಲಿ. ಆ ಪಾತ್ರೆಗಳ ನೀರು ಬಲಹೀನವಾದ ಹಳೆಯ ದ್ರಾವಣದ ಜೊತೆ ಡ್ರಮ್ಮಿಗೆ ಸೇರುತ್ತದೆ. ಅದಕ್ಕೆ ವಾಷಿಂಗ್ ಸೋಡಾವನ್ನು ನಿಧಾನವಾಗಿ ಹಾಕುತ್ತಾ ಹೋದರೆ ನೊರೆ ಏಳುತ್ತದೆ, ನೊರೆ ನಿಂತ ಮೇಲೆ ಕಬ್ಬಿಣ, ತಾಮ್ರದ ಅಂಶ ಮಡ್ಡಿಯಾಗಿ ತಳಕ್ಕೆ ಕೂರುತ್ತದೆ. ಮಡ್ಡಿಯನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿ ಚೀಟಿ ಅಂಟಿಸಿದ ಡಬ್ಬಿಯಲ್ಲಿ ಕಟ್ಟಿಟ್ಟು, ಅಪಾಯಕಾರಿ ತ್ಯಾಜ್ಯ ಪಡೆಯುವವರಿಗೇ ಒಪ್ಪಿಸುತ್ತೇವೆ. ಸೋಸಿ ಉಳಿದ ನೀರೂ ಅದೇ ದಾರಿ ಹಿಡಿಯುತ್ತದೆ, ಗುಂಡಿಗಲ್ಲ. ತೊಟ್ಟಿಯ ಪಕ್ಕದಲ್ಲೇ ಕಣ್ಣು ತೊಳೆಯುವ ನಲ್ಲಿ ಇದೆ. ಹನಿ ಸಿಡಿದರೆ ಕನಿಷ್ಠ 15 ನಿಮಿಷ ನೀರು ಹಾಯಿಸುತ್ತಲೇ ಇರಬೇಕು, ಅದನ್ನು ದೊಡ್ಡ ಅಕ್ಷರದಲ್ಲಿ ಮೇಲೆ ಬರೆದಿದೆ.

ಮಸಿ ಮತ್ತು ಬಟ್ಟೆ

ಎಚಿಂಗ್ ಮಸಿಯೆಂದರೆ ಬಣ್ಣದ ಪುಡಿ ಮತ್ತು ಕಾಯಿಸಿದ ಅಗಸೆ ಎಣ್ಣೆ. ಅಗಸೆ ಎಣ್ಣೆ ಆರುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ, ಆಗ ಬಿಸಿ ಹೊರಬರುತ್ತದೆ. ತಗಡು ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಬಿಸಿ ಒಳಗೇ ಉಳಿದು, ಬೆಂಕಿಕಡ್ಡಿ ಸೋಂಕದೆಯೂ ಬಟ್ಟೆ ಹೊತ್ತಿಕೊಳ್ಳಬಹುದು. ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಮರದ ಸೂರಿನ ಕಟ್ಟಡ ಉಳಿಯುವುದಿಲ್ಲ. ನಮ್ಮಲ್ಲಿ ಬಾಗಿಲ ಹೊರಗೆ ಮುಚ್ಚಳವಿರುವ ಕಬ್ಬಿಣದ ಡಬ್ಬಿ ಇದೆ, ಅದರಲ್ಲಿ ನೀರು ಇರುತ್ತದೆ. ಕೆಲಸ ಮುಗಿದ ಬಟ್ಟೆ ನೇರವಾಗಿ ಅಲ್ಲಿಗೆ. ಮೇಜಿನ ಮೇಲೆ ರಾತ್ರಿ ಕಳೆದ ಒಂದು ತುಂಡು ಬಟ್ಟೆಯೂ ಇರಕೂಡದು.

ಮಸಿ ಹಚ್ಚುವ ಕೈ ಉರುಳೆ, ಮಸಿ ಹರಡುವ ಕಲ್ಲುಹಾಸುಗಳನ್ನು ಒರೆಸಲು ಟರ್ಪೆಂಟೈನ್ ಬದಲು ಅಡುಗೆ ಎಣ್ಣೆ. ಮೊದಲು ಚೂರಿಯಿಂದ ಮಸಿ ಕೆರೆದು ತೆಗೆದು, ಎಣ್ಣೆ ಹಚ್ಚಿ ಕರಗಿಸಿ, ಬಟ್ಟೆಯಿಂದ ಒರೆಸಿ, ಕೊನೆಗೆ ಸೋಪುನೀರಿನ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು. ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ತಲೆನೋವು ಬರುವುದಿಲ್ಲ.

ಮಸಿಯ ಡಬ್ಬಿಯ ವಿಷಯ ಚಿಕ್ಕದೆನಿಸಬಹುದು. ಹಂಚಿಕೊಂಡು ಬಳಸುವಲ್ಲಿ ಮನಸ್ತಾಪಗಳು ಹುಟ್ಟುವುದು ಇಂಥಲ್ಲಿಯೇ. ಡಬ್ಬಿಯ ನಡುವಿಗೆ ಚೂರಿ ಇಳಿಸಿ ಗುಳಿ ತೋಡಿ ಮಸಿ ತೆಗೆದರೆ ಗಾಳಿ ತಾಗುವ ಮೈ ಹೆಚ್ಚಾಗುತ್ತದೆ, ಗುಳಿಯ ಗೋಡೆಗೆಲ್ಲ ಕೆನೆ ಕಟ್ಟುತ್ತದೆ, ಮುಂದಿನವರ ಮಸಿಯಲ್ಲಿ ಆ ಕೆನೆಯ ಚೂರುಗಳು ಬಂದು ತಗಡಿನ ಮೇಲೆ ಗೀರು ಬೀಳುತ್ತದೆ. ಮಸಿಯನ್ನು ಮೇಲ್ಮೈಯಿಂದ ಅಡ್ಡಡ್ಡವಾಗಿ, ತೆಳುವಾಗಿ ಕೆರೆದುಕೊಳ್ಳಬೇಕು. ಆಮೇಲೆ ಮೈ ಸಮ ಮಾಡಿ, ಮೇಣದ ಕಾಗದವನ್ನು ಗುಳ್ಳೆ ಇಲ್ಲದಂತೆ ಒತ್ತಿ ಮುಚ್ಚಬೇಕು. ಇದನ್ನು ಎಲ್ಲರೂ ಪಾಲಿಸತೊಡಗಿದ ಮೇಲೆ ಡಬ್ಬಿ ತಳ ಕಾಣುವವರೆಗೆ ಮಸಿ ಹೊಸದರಂತೆಯೇ ಇರುತ್ತದೆ.

ಕಾಗದದ ಕೋಣೆ

ಉಗ್ರಾಣದ ಒಂದು ಬದಿಗೆ ಹಲಗೆಯ ಗೋಡೆ ಕಟ್ಟಿ ಕಾಗದಕ್ಕೆ ಬೇರೆ ಕೋಣೆ ಮಾಡಿದೆವು. ಗಾಳಿಯ ತೇವ ಶೇಕಡಾ 65 ದಾಟಿದರೆ ಬೂಷ್ಟು ಹಿಡಿಯುವ ಭಯ ಶುರುವಾಗುತ್ತದೆ, ಐವತ್ತರ ಆಸುಪಾಸಿನಲ್ಲಿ ಕಾಗದ ಸುಖವಾಗಿರುತ್ತದೆ. ಕಪಾಟುಗಳು ಗೋಡೆಗೆ ಅಂಟದೆ, ನೆಲಕ್ಕೆ ತಾಗದೆ ನಿಂತಿವೆ. ಗೆದ್ದಲು ಬಂದರೆ ಅದರ ಮಣ್ಣಿನ ಗೆರೆ ಕಾಲುಗಳ ಮೇಲೆ ಕೂಡಲೇ ಕಾಣುತ್ತದೆ.

ಎಚಿಂಗ್‌ಗೆ ಹತ್ತಿಯ ನಾರಿನ, ಚದರ ಮೀಟರಿಗೆ 250ರಿಂದ 300 ಗ್ರಾಂ ತೂಕದ ಕಾಗದ. ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿ, ಹೀರುಕಾಗದದ ನಡುವೆ ಒತ್ತಿ, ಮೇಲೆ ನೀರಿನ ಹೊಳಪು ಇಲ್ಲದಂತೆ ಮಾಡಿಕೊಳ್ಳಬೇಕು. ಕೆನ್ನೆಗೆ ಹಿಡಿದರೆ ತಂಪು ತಾಗಬೇಕು, ಒದ್ದೆ ತಾಗಬಾರದು. ಪ್ರೆಸ್ಸಿಗೆ ಒಯ್ಯುವಾಗ ಬೆರಳು ನೇರವಾಗಿ ಕಾಗದ ಮುಟ್ಟದಂತೆ ರಟ್ಟಿನ ಮಡಿಸಿದ ತುಂಡುಗಳಿಂದ ಎರಡು ಮೂಲೆ ಹಿಡಿಯುತ್ತೇವೆ. ಸಾಧ್ಯವಾದಾಗಲೆಲ್ಲ ಇಬ್ಬರು ಜೊತೆಯಾಗುತ್ತೇವೆ, ಒಬ್ಬರ ಕೈ ಮಸಿಗೆ, ಇನ್ನೊಬ್ಬರದು ಕಾಗದಕ್ಕೆ. ಪ್ರತಿಗಳನ್ನು ಸಾಲಾಗಿ ತೆಗೆಯುವಾಗ ಇದರಿಂದ ಸಿಗುವ ವೇಗ ಒಂಟಿಯಾಗಿ ದುಡಿದವರಿಗೆ ಗೊತ್ತಾಗುವುದಿಲ್ಲ.

ಹಂಚಿಕೊಳ್ಳುವುದು

ಪ್ರೆಸ್ಸಿನ ಪಕ್ಕದಲ್ಲಿ ಒಂದು ಪುಸ್ತಕ ಕಟ್ಟಿಹಾಕಿದೆ. ಯಾರು ಎಳೆದರು, ತಗಡೋ ಮರವೋ, ಸೊನ್ನೆಯಿಂದ ತಿರುಪು ಎಷ್ಟು ಸುತ್ತು, ಫೆಲ್ಟ್ ಎಷ್ಟು. ಆಮ್ಲದ ಮೂಲೆಯ ಪುಸ್ತಕದಲ್ಲಿ ದ್ರಾವಣದ ಉಷ್ಣಾಂಶ, ತಗಡಿನ ಅಳತೆ, ನಿಮಿಷ. ತಾಮ್ರ ಕರಗಿದಷ್ಟೂ ದ್ರಾವಣ ನಿಧಾನವಾಗುವುದರಿಂದ, ಹಿಂದಿನವರು ಬರೆದ ಸಾಲೇ ಮುಂದಿನವರ ಅಂದಾಜು. ತಗಡಿನ ಅಂಚನ್ನು ಅರದಿಂದ ಓರೆಯಾಗಿ ಉಜ್ಜದೆ ಪ್ರೆಸ್ಸಿಗೆ ತರುವಂತಿಲ್ಲ ಎಂಬುದೊಂದು ನಿಯಮಕ್ಕೆ ವಿನಾಯಿತಿಯೇ ಇಲ್ಲ, ಚೂಪು ಅಂಚು ಫೆಲ್ಟನ್ನು ಸೀಳುತ್ತದೆ.

ಇಷ್ಟೆಲ್ಲ ಕಟ್ಟುಪಾಡು ಏಕೆ, ಒಬ್ಬೊಬ್ಬರೂ ಸಣ್ಣ ಪ್ರೆಸ್ ಇಟ್ಟುಕೊಳ್ಳಬಹುದಲ್ಲ ಎಂದು ಕೇಳಿದವರಿದ್ದಾರೆ. ಬ್ರಿಟಿಷ್ ಮುದ್ರಣ ಕಲಾವಿದ ಎಸ್. ಡಬ್ಲ್ಯು. ಹೇಟರ್ 1927ರಲ್ಲಿ ಪ್ಯಾರಿಸ್‌ನಲ್ಲಿ ತೆರೆದ ಸ್ಟುಡಿಯೊ, ಮುಂದೆ ಅಟೆಲಿಯೆ 17 ಎಂದು ಹೆಸರಾದದ್ದು, ನನಗೆ ಇದಕ್ಕೆ ಉತ್ತರವಾಗಿ ಕಾಣುತ್ತದೆ. ಅಲ್ಲಿ ಹಲವರು ಒಂದೇ ಮೇಜಿನ ಸುತ್ತ ದುಡಿಯುತ್ತಿದ್ದಾಗ ಭಾರತದಿಂದ ಹೋದ ಕಲಾವಿದರಾದ ಕೃಷ್ಣ ರೆಡ್ಡಿ, ಕೈಕೊ ಮೋತಿ ಅವರಂಥವರು ಒಂದೇ ತಗಡಿನಿಂದ ಒಂದೇ ಎಳೆತಕ್ಕೆ ಹಲವು ಬಣ್ಣ ತೆಗೆಯುವ ವಿಧಾನವನ್ನು ಬೆಳೆಸಿದರು. ತಗಡನ್ನು ಬೇರೆ ಬೇರೆ ಆಳಕ್ಕೆ ಕೊರೆದು, ತೆಳು ಎಣ್ಣೆಯ ಮಸಿಯನ್ನು ಗಟ್ಟಿ ಉರುಳೆಯಿಂದ ಮೇಲ್ಮೈಗೆ, ದಪ್ಪ ಮಸಿಯನ್ನು ಮೆತ್ತನೆಯ ಉರುಳೆಯಿಂದ ತಗ್ಗಿಗೆ ಹಚ್ಚಿದರೆ ಒಂದು ಇನ್ನೊಂದರ ಮೇಲೆ ಕೂರುವುದಿಲ್ಲ. ಅದಕ್ಕೆ ಬೇಕಾದ ದೊಡ್ಡ ಉರುಳೆಗಳನ್ನು ಒಬ್ಬೊಬ್ಬರೇ ಕೊಂಡಿಟ್ಟುಕೊಳ್ಳುವುದು ಕಷ್ಟ. ಪಕ್ಕದವರ ಮಸಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡದೆ ಅಂಥ ಯೋಚನೆ ಹೊಳೆಯುವುದೂ ಕಷ್ಟ.

ಕಲ್ಲಿನ ಮೇಲೆ ಜಿಡ್ಡಿನಿಂದ ಚಿತ್ರ ಬರೆದು ಅಚ್ಚು ತೆಗೆಯುವ ಕಲ್ಲಚ್ಚು (ಲಿಥೊಗ್ರಫಿ) ಇನ್ನೂ ಬಾಕಿ ಇದೆ. ಜರ್ಮನಿಯ ಸೆನೆಫೆಲ್ಡರ್ 1790ರ ದಶಕದಲ್ಲಿ ಕಂಡುಕೊಂಡ ಆ ವಿಧಾನಕ್ಕೆ ಬೇಕಾದ ಸುಣ್ಣಕಲ್ಲುಗಳ ಮಾತು ನಡೆದಿದೆ. 40 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದ, 8 ಸೆಂ.ಮೀ. ದಪ್ಪದ ಒಂದು ಕಲ್ಲು ಸುಮಾರು 40 ಕಿಲೋ ತೂಗುತ್ತದೆ, ಹಾಗಾಗಿ ಎತ್ತರ ಏರಿಳಿಸುವ ಗಾಡಿ ಬೇಕು. ಅದಕ್ಕಿಂತ ಮುಖ್ಯವಾಗಿ, ಹಿಂದಿನ ಚಿತ್ರ ಅಳಿಸಲು ಕಲ್ಲಿನ ಮೈಯನ್ನು ಕಾರ್ಬೊರಂಡಮ್ ಪುಡಿ ಮತ್ತು ನೀರು ಹಾಕಿ ಮೊದಲು 80 ನಂಬರಿನದರಿಂದ, ಕೊನೆಗೆ 220ರಿಂದ ಉಜ್ಜುವಾಗ ಬರುವ ರಾಡಿ ಕೊಳವೆ ಸೇರಿದರೆ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಮೂರು ಅಂಕಣಗಳ ತಿಳಿಗೊಳಿಸುವ ತೊಟ್ಟಿಯನ್ನು ಈಗ ಇಟ್ಟಿಗೆಯಲ್ಲಿ ಕಟ್ಟುತ್ತಿದ್ದೇವೆ: ರಾಡಿ ಮೊದಲನೆಯದರಲ್ಲಿ ಇಳಿಯಬೇಕು, ಎರಡನೆಯದರಲ್ಲಿ ತಿಳಿಯಾಗಬೇಕು, ಮೂರನೆಯದರಿಂದ ನೀರು ಮತ್ತೆ ಉಜ್ಜುವ ಮೇಜಿಗೇ ಏರಬೇಕು. ಒಳಗಿನ ಗಾರೆ ಆರಿದ ಮೇಲೆ ನೀರು ತುಂಬಿಸಿ ಸೋರುತ್ತದೆಯೇ ನೋಡುತ್ತೇವೆ. ಸೋರದಿದ್ದರೆ ಮೊದಲ ಎರಡು ಕಲ್ಲುಗಳನ್ನು ತರುತ್ತೇವೆ.